ನಾನು ಮಾಡಿದ ಗೂಡ್ಸ್ ಡಬ್ಬಿ

ಗೆಳೆಯ ಗೆಳತಿಯರೇ, ಶಾಲೆಯ ಮೇಜಿನ ಮೇಲೆ ಇಟ್ಟಿರುವ ಕೆಂಪು ಬಣ್ಣದ ಗೂಡ್ಸ್ ಡಬ್ಬಿಯನ್ನು ನೀವೆಲ್ಲ ನೋಡೀರಿ. "ಹೆಂಗ ಮಾಡಿದಿ?" ಅಂತ ಬಹಳ ಮಂದಿ ಕೇಳಿದ್ರು. ಅದಕ್ಕೇ ಈ ಲೇಖನ.

ನಮ್ಮೂರ ಬಾಜೂಕ ಹಾದು ಹೋಗುವ ರೈಲು ಹಳಿ ಬಹಳ ಹಳೇದು. 1874ರಲ್ಲಿ ನಿಜಾಮರ ಕಾಲದಾಗ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ್ದು. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲಾ ಇದೇ ದಾರಿಯಾಗ ಬರ್ತಾವ. ಶಹಾಬಾದ ಮಾತ್ರ ವಾಡಿಯಿಂದ ಸೊಲ್ಲಾಪುರ ಕಡೆ ಹೋಗುವ ದಾರಿಯಾಗ ಅದ. ಚಿಂಚೋಳಿ ಕಡೆ ಹಳಿ ಇಲ್ಲ. ಅಲ್ಲಿಂದ ಬಂದು ನಮ್ಮ ಶಾಲೆಗೆ ಸೇರಿದ ಗೆಳೆಯ ಮೊದಲ ದಿನ ಗೂಡ್ಸ್ ಡಬ್ಬಿ ಎಣಿಸುತ್ತಾ ನಿಂತು ಪ್ರಾರ್ಥನೆಗೇ ತಡ ಆದ! ನಮ್ಮ ಭಾಗದಾಗ ಸಿಮೆಂಟ್ ಫ್ಯಾಕ್ಟರಿ ಇರುವುದರಿಂದ ಕಲ್ಲಿದ್ದಲು ತುಂಬಿದ ಗಾಡಿ ಬರ್ತಾವ, ಸಿಮೆಂಟ್ ತುಂಬಿದ ಗಾಡಿ ಹೋಗ್ತಾವ. ಕಲ್ಲಿದ್ದಲು ತರುವ, ಮೇಲೆ ಮುಚ್ಚಳ ಇಲ್ಲದ ಡಬ್ಬಿಗೆ 'ಬಾಕ್ಸ್-ಎನ್' ಅಂತ ಹೆಸರು. ನಾನು ಮಾಡಿದ್ದು ಅದನ್ನೇ.

ಮೊದಲ ಸಲ ಕೆಟ್ಟಿದ್ದು

ಮೊದಲು ಚಪ್ಪಲಿ ಡಬ್ಬಿಗೆ ಔಷಧಿ ಬಾಟ್ಲಿ ಮುಚ್ಚಳದ ಗಾಲಿ ಹಚ್ಚಿದ್ದೆ. ನಾಲ್ಕನೆತ್ತೆ ಹುಡುಗನೊಬ್ಬ ನೋಡಿ, "ಅಣ್ಣಾ, ಇದು ರೈಲೋ, ತಳ್ಳೋ ಬಂಡಿಯೋ?" ಅಂದ. ಸಿಟ್ಟು ಬಂತು. ಆದ್ರ ಅವನ ಮಾತು ಖರೆ ಇತ್ತು. ನಾನು ಕಣ್ಣಳತೆಯಿಂದ ಮಾಡಿದ್ದೆ, ಲೆಕ್ಕದಿಂದ ಮಾಡಿರಲಿಲ್ಲ.

ಸಮಾಜ ವಿಜ್ಞಾನದಾಗ ನಕ್ಷೆಯ ಪ್ರಮಾಣ ಕಲಿತೀವಲ್ಲ, ಇಲ್ಲಿಯೂ ಅದೇ ಬೇಕು. ನಿಜವಾದ ವಸ್ತುವಿನ ಎಲ್ಲಾ ಅಳತೆಗಳನ್ನು ಒಂದೇ ಸಂಖ್ಯೆಯಿಂದ ಭಾಗಿಸಬೇಕು. ಒಂದಕ್ಕೆ ಒಂದು ಸಂಖ್ಯೆ, ಇನ್ನೊಂದಕ್ಕೆ ಇನ್ನೊಂದು ಹಿಡಿದರೆ ಅದು ಆಟಿಗೆ ಆಗ್ತದ, ಮಾದರಿ ಆಗೋದಿಲ್ಲ.

ಯಾವ ಸಂಖ್ಯೆ ಹಿಡಿಯಬೇಕು? ನನಗೆ ಗಾಲಿಯೇ ದಾರಿ ತೋರಿಸಿತು. ಡಬ್ಬಿ ರಿಪೇರಿ ಕೆಲಸಕ್ಕೆ ಹೋಗುವ ನಮ್ಮ ಮಾಮಾ ಹೊಸ ಗಾಲಿಯ ಅಡ್ಡಳತೆ 1 ಮೀಟರ್ ಅಂತ ಹೇಳಿದ್ರು. ಸೋಡಾ ಬಾಟ್ಲಿಯ ತಗಡಿನ ಮುಚ್ಚಳ ಅಳೆದೆ. ಸುಮಾರು 3.1 ಸೆಂ.ಮೀ. ಬಂತು. ನೂರನ್ನು 3.1ರಿಂದ ಭಾಗಿಸಿದರೆ 32ರ ಹತ್ತಿರ. ಆದ್ದರಿಂದ ನನ್ನ ಪ್ರಮಾಣ 1:32. ಉಳಿದ ಅಳತೆಗಳನ್ನೂ ಮಾಮಾ ಬರೆದು ಕೊಟ್ರು:

ಕೊಂಡಿಯಿಂದ ಕೊಂಡಿಗೆ ಉದ್ದ: 10,713 ಮಿ.ಮೀ. — ಮಾದರಿಯಲ್ಲಿ 33.5 ಸೆಂ.ಮೀ.
ಪೆಟ್ಟಿಗೆಯ ಒಳ ಉದ್ದ: 9,784 ಮಿ.ಮೀ. — 30.6 ಸೆಂ.ಮೀ.
ಅಗಲ: 3,200 ಮಿ.ಮೀ. — 10 ಸೆಂ.ಮೀ.
ಹಳಿಯಿಂದ ಎತ್ತರ: 3,225 ಮಿ.ಮೀ. — 10.1 ಸೆಂ.ಮೀ.
ಎರಡು ಹಳಿಗಳ ನಡುವಿನ ಅಂತರ: 1,676 ಮಿ.ಮೀ. — 5.2 ಸೆಂ.ಮೀ.

ಬೇಕಾಗುವ ಸಾಮಾನು

ದಪ್ಪ ಲಗ್ನಪತ್ರಿಕೆಗಳು, ರಟ್ಟು, ಸೋಡಾ ಮುಚ್ಚಳ 8, ಹಳೇ ಸೈಕಲ್ ಸ್ಪೋಕ್ 2, ಖಾಲಿ ರೀಫಿಲ್, ಪೆನ್ನಿನ ಸ್ಪ್ರಿಂಗ್, ಬೆಂಕಿಕಡ್ಡಿ, ಗೋಂದು, ದಾರ, ಕೆಮ್ಮಣ್ಣು, ಇದ್ದಲಿನ ಚೂರು. ರೊಕ್ಕ ಕೊಟ್ಟು ತಂದದ್ದು ಗೋಂದು ಒಂದೇ.

ಮಾಡುವ ವಿಧಾನ

1. ಪೆಟ್ಟಿಗೆ: ರಟ್ಟು ಅಳತೆಗೆ ಕತ್ತರಿಸಿ ಅಂಟಿಸಬೇಕು. ಹೊರಗಡೆ ಉದ್ದುದ್ದ ನಿಂತ ಪಟ್ಟಿಗಳು ಇರ್ತಾವಲ್ಲ, ಅವಕ್ಕ ಬೆಂಕಿಕಡ್ಡಿ ಹಚ್ಚಬೇಕು. ಈ ಪಟ್ಟಿ ಚೆಂದಕ್ಕಲ್ಲ. ಒಳಗಿನ ಕಲ್ಲಿದ್ದಲು ಗೋಡೆಯನ್ನು ಹೊರಗೆ ದೂಡ್ತದ, ಗೋಡೆ ಉಬ್ಬದಂಗ ಪಟ್ಟಿ ಹಿಡೀತದ. ಪಟ್ಟಿ ಹಚ್ಚುವ ಮೊದಲು ನನ್ನ ಡಬ್ಬಿಯಾಗ ಜೋಳ ತುಂಬಿ ನೋಡಿದೆ, ಖರೇನೇ ಉಬ್ಬಿತು!

2. ಬೋಗಿ: ನಾವು ಡಬ್ಬಿಗೇ ಬೋಗಿ ಅಂತೀವಿ. ರೈಲ್ವೆಯವರು ಡಬ್ಬಿಯ ಕೆಳಗೆ ನಾಲ್ಕು ಗಾಲಿ ಹಿಡಿದಿರುವ ಚೌಕಟ್ಟಿಗೆ ಬೋಗಿ ಅಂತಾರ. ಒಂದು ಡಬ್ಬಿಗೆ ಎರಡು ಬೋಗಿ, ಅಂದ್ರ ಎಂಟು ಗಾಲಿ. ಬೋಗಿ ನಡುವಿನ ಮೊಳೆಯ ಮೇಲೆ ತಿರುಗಬೇಕು. ಬಿಗಿಯಾಗಿ ಅಂಟಿಸಿದರೆ ತಿರುವಿನಾಗ ಡಬ್ಬಿ ಹಳಿ ಬಿಡ್ತದ. ಎರಡೂ ಬದಿಗೆ ಪೆನ್ನಿನ ಸ್ಪ್ರಿಂಗ್ ಇಡಬೇಕು.

3. ಗಾಲಿ: ಎತ್ತಿನ ಬಂಡಿಯಾಗ ಅಚ್ಚು ಸುಮ್ಮನಿರ್ತದ, ಗಾಲಿ ತಿರುಗ್ತದ. ರೈಲಿನಾಗ ಗಾಲಿ ಮತ್ತು ಅಚ್ಚು ಎರಡೂ ಕೂಡಿಯೇ ತಿರುಗ್ತಾವ. ಅದಕ್ಕೇ ಮುಚ್ಚಳಗಳನ್ನು ಸ್ಪೋಕಿನ ತುಂಡಿಗೆ ಗಟ್ಟಿ ಕೂಡಿಸಿ, ಸ್ಪೋಕನ್ನು ರೀಫಿಲ್ ತುಂಡಿನೊಳಗೆ ತಿರುಗಲು ಬಿಟ್ಟೆ. ಪ್ರತಿ ಗಾಲಿಯ ಒಳಬದಿಗೆ ಸುತ್ತಲೂ 1 ಮಿ.ಮೀ. ದೊಡ್ಡದಾದ ರಟ್ಟಿನ ಬಿಲ್ಲೆ ಅಂಟಿಸಬೇಕು. ಗಾಡಿ ಹಳಿ ಬಿಟ್ಟು ಸರಿಯದಂಗ ತಡೆಯೋದು ಈ ಅಂಚೇ.

4. ಬ್ರೇಕ್: ಉಳಿದ ರೀಫಿಲ್ ಗಾಳಿಯ ಪೈಪ್ ಆಯಿತು. ನಿಜವಾದ ಗಾಡಿಯಾಗ ಇಂಜಿನ್ನಿನಿಂದ ಕೊನೇ ಡಬ್ಬಿ ತನಕ ಗಾಳಿ ಒತ್ತಡ ತುಂಬಿರ್ತದ. ಒತ್ತಡ ಇಳಿದರೆ ಬ್ರೇಕ್ ಹಿಡೀತದ. ಅದಕ್ಕ ನಡುವೆ ಪೈಪ್ ಹರಿದರೂ ಗಾಡಿ ತಾನೇ ನಿಲ್ತದ.

5. ಬಣ್ಣ: ಕೆಮ್ಮಣ್ಣು ಜರಡಿ ಹಿಡಿದು ಗೋಂದಿನ ನೀರಾಗ ಕಲಿಸಿ ಎರಡು ಸಲ ಬಳಿದೆ. ಮೇಲೆ ಬಿಳಿ ಅಕ್ಷರ.

ತೂಕದ ಲೆಕ್ಕ

ಡಬ್ಬಿ ಮೊದಲು ದಾರಿ ಮೇಲೆ ಜಿಗಿದಾಡ್ತಿತ್ತು. ಗಣಿತ ಗುರುಗಳು, "ಉದ್ದ, ಅಗಲ, ಎತ್ತರ ಮೂರೂ 32 ಪಟ್ಟು ಕಡಿಮೆ ಆದ್ರ ತೂಕ ಎಷ್ಟು ಪಟ್ಟು ಕಡಿಮೆ ಆಗಬೇಕು?" ಅಂತ ಕೇಳಿದ್ರು. ನಾನು 32 ಅಂದೆ. ತಪ್ಪು! 32 × 32 × 32 = 32,768. ಖಾಲಿ ಬಾಕ್ಸ್-ಎನ್ ತೂಕ 22.47 ಟನ್. ಭಾಗಿಸಿದರೆ ಸುಮಾರು 686 ಗ್ರಾಂ. ಕಿರಾಣಿ ಅಂಗಡಿ ತಕ್ಕಡಿಯಾಗ ನನ್ನದು 210 ಗ್ರಾಂ ತೂಗಿತು. ತಳದಾಗ ಶಹಾಬಾದ ಫರಸಿಯ ತುಂಡು ಕೂಡಿಸಿದೆ. ಆಮೇಲೆ ಗಂಭೀರವಾಗಿ ಉರುಳಿತು.

ಸಂಖ್ಯೆಯ ಗುಟ್ಟು

ಡಬ್ಬಿಯ ಮೇಲೆ 11 ಅಂಕಿ ಬರೆದಿರ್ತಾರ. ಮೊದಲ ಎರಡು ಡಬ್ಬಿಯ ಜಾತಿ, ಮುಂದಿನ ಎರಡು ಯಾವ ರೈಲ್ವೆ, ಆಮೇಲೆ ಎರಡು ತಯಾರಾದ ವರ್ಷ, ನಂತರ ನಾಲ್ಕು ಕ್ರಮಸಂಖ್ಯೆ. ಕೊನೆಯದು ತಾಳೆ ನೋಡುವ ಅಂಕಿ. ನಾನು ಹುಟ್ಟಿದ ವರ್ಷ 12, ಹಾಜರಿ ಸಂಖ್ಯೆ 7 ಸೇರಿಸಿ 1009120007 ಅಂತ ಬರೆದೆ. ಸಮಸ್ಥಾನದ ಅಂಕಿ ಕೂಡಿದರೆ 18, ಅದರ ಮೂರು ಪಟ್ಟು 54. ಬೆಸಸ್ಥಾನದ ಮೊತ್ತ 2. ಒಟ್ಟು 56. ಮುಂದಿನ ಹತ್ತು 60ಕ್ಕೆ 4 ಬೇಕು. ಆದ್ದರಿಂದ ಕೊನೇ ಅಂಕಿ 4. ನೀವೂ ಗೂಡ್ಸ್ ನಿಂತಾಗ ದೂರದಿಂದ ಓದಿ ಲೆಕ್ಕ ಹಾಕಿರಿ.

ಮಣ್ಣಿನ ಹುಡುಗ

ಡಬ್ಬಿ ಎಷ್ಟು ದೊಡ್ಡದು ಅಂತ ತಿಳಿಯಲು ನನ್ನನ್ನೇ 32ರಿಂದ ಭಾಗಿಸಿದೆ. ನನ್ನ ಎತ್ತರ 144 ಸೆಂ.ಮೀ. ಆದ್ದರಿಂದ ನಾಲ್ಕೂವರೆ ಸೆಂ.ಮೀ.ನ ಮಣ್ಣಿನ ಹುಡುಗನನ್ನು ಮಾಡಿ ಬಾಜೂಕ ನಿಲ್ಲಿಸಿದೆ. ಗಾಲಿಯೇ ಅವನ ಎದೆಮಟ್ಟ ಬಂತು.

ಖರೆ ಹೇಳ್ತೀನಿ, ಗುರುಗಳು ಸಿಟ್ಟಾಗಬಾರದು. ಶಾಲೆಗೆ ಬರುವಾಗ ಗೂಡ್ಸ್ ನಿಂತಿದ್ದರೆ ನಾನು ಎಷ್ಟೋ ಸಲ ಅದರ ಕೆಳಗೆ ನುಸುಳಿ ಬಂದೀನಿ. ನಿಮ್ಮಲ್ಲಿಯೂ ಕೆಲವರು ಬರ್ತೀರಿ. ಗಾಡಿ ಹೊರಟರೆ ಗೊತ್ತಾಗ್ತದ ಅಂತ ನಮ್ಮ ಧೈರ್ಯ.

ನನ್ನ ಡಬ್ಬಿಯ ಮುಂದೆ ಎರಡು ಚಪ್ಪಲಿ ಡಬ್ಬಿಗಳನ್ನು ಸ್ವಲ್ಪ ಸಡಿಲ ದಾರದಿಂದ ಕಟ್ಟಿದೆ. ನಿಜವಾದ ಕೊಂಡಿಯಲ್ಲಿಯೂ ಸಡಿಲು ಇರ್ತದ. ಮಣ್ಣಿನ ಹುಡುಗನನ್ನು ಕೊನೇ ಡಬ್ಬಿಯ ಕೆಳಗೆ, ಗಾಲಿಯ ಮುಂದೆ ಮಲಗಿಸಿ, ಮುಂದಿನ ಡಬ್ಬಿ ಮೆಲ್ಲಗೆ ಎಳೆದೆ. ಮೊದಲನೆಯದು ಹೊರಟಿತು, ಎರಡನೆಯದು ಹೊರಟಿತು, ನನ್ನ ಡಬ್ಬಿ ನಿಂತೇ ಇತ್ತು. ಆಮೇಲೆ ಟಕ್ ಅಂತ ಒಮ್ಮೆಲೇ ಹೊರಟಿತು. ಹುಡುಗ ಎರಡು ತುಂಡಾದ.

ಸುಮಾರು ಹೊತ್ತು ನನಗೆ ಮಾತೇ ಬರಲಿಲ್ಲ.

ಒಂದು ಗಾಡಿಗೆ ಇಂಥ 58 ಡಬ್ಬಿ ಇದ್ದರೆ ಉದ್ದ 621 ಮೀಟರ್. ಇಂಜಿನ್ ಅಷ್ಟು ದೂರ ಇರ್ತದ. ಅದು ಹೊರಟದ್ದು ನಮ್ಮ ಕಣ್ಣಿಗೆ ಕಾಣೋದಿಲ್ಲ. ಮೂಲ ಅಳತೆಯಂತೆ ತುಂಬಿದ ಒಂದು ಡಬ್ಬಿಯೇ 81.28 ಟನ್. ಕೆಳಗಿರುವವನಿಗೆ ಮೊದಲ ಸೂಚನೆಯೇ ಆ 'ಟಕ್'.

ಅಂದಿನಿಂದ ನಾನು ಗೇಟಿನ ತನಕ ನಡೆದು ಬರ್ತೀನಿ. ಹತ್ತು ನಿಮಿಷ ಹೆಚ್ಚು ಬೇಕು. ಪ್ರಾರ್ಥನೆಗೆ ತಡ ಆದ್ರ ಹೊರಗೆ ನಿಲ್ತೀನಿ, ಅಡ್ಡಿಯಿಲ್ಲ. ನನ್ನ ಜೊತೆ ಈಗ ಐದು ಮಂದಿ ಬರ್ತಾರ. ನೀವೂ ಬರ್ರಿ. ಮಣ್ಣಿನ ಹುಡುಗನನ್ನು ಮತ್ತೆ ಅಂಟಿಸಿ ಡಬ್ಬಿಯ ಬಾಜೂಕ ನಿಲ್ಲಿಸೀನಿ. ಡಬ್ಬಿ ನೋಡಲು ಬಂದವರು ಅವನನ್ನೂ ನೋಡಿರಿ.

— 7ನೇ ತರಗತಿಯ ವಿದ್ಯಾರ್ಥಿ, ಹಾಜರಿ ಸಂಖ್ಯೆ 7