ಮುತ್ಯಾನ ಪೇಟಿ, ನನ್ನ ಬೆರಳು

ಯಾದಗಿರಿಯ ಬಾಡಿಗೆ ರೂಮಿನಲ್ಲಿ ಸಂವಿಧಾನದ ತಿದ್ದುಪಡಿಗಳನ್ನು ಬಾಯಿಪಾಠ ಮಾಡುತ್ತ ಕುಳಿತಿದ್ದೆ. ಊರಿನಿಂದ ಫೋನ್ ಬಂತು. ‘ಮುತ್ಯಾ ಹೋದ’ ಎಂದಷ್ಟೇ ಹೇಳಿ ಅಪ್ಪ ಫೋನ್ ಇಟ್ಟ. ಭೀಮಾ ಸೇತುವೆ ದಾಟಿ, ಶಹಾಪುರದಲ್ಲಿ ಬಸ್ ಬದಲಿಸಿ, ಸುರಪುರದಿಂದ ಟಂಟಂ ಹಿಡಿದು ಊರು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಶಹಾಪುರ ಬಂತೆಂದರೆ ಬೆಟ್ಟದಲ್ಲಿ ಮಲಗಿದ ಬುದ್ಧನನ್ನು ಕಿಟಕಿಯಿಂದ ನೋಡುವುದು ನನ್ನ ರೂಢಿ. ಅಂದು ನೋಡಿದ ನೆನಪಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುತ್ತದೆ. ದುಡಿಯಲು ಬೆಂಗಳೂರಿಗೆ ಹೋದವರು ಬಂದು ಮುಟ್ಟುವವರೆಗೆ ಮಣ್ಣು ಮಾಡುವಂತಿಲ್ಲ. ಅಲ್ಲಿಯವರೆಗೆ ಹಾಡು ನಿಲ್ಲುವಂತಿಲ್ಲ. ಅಂಥ ಎಷ್ಟೋ ರಾತ್ರಿಗಳಲ್ಲಿ ಮುತ್ಯಾ ಪೇಟಿ ಬಾರಿಸಿದ್ದ. ಪೇಟಿ ಎಂದರೆ ಹಾರ್ಮೋನಿಯಂ. ಅವನದೇ ಸರದಿ ಬಂದಾಗ ದಮ್ಮಡಿ, ತಾಳ, ತಬಲಾದವರು ಬಂದು ಕುಳಿತರು. ಆದರೆ ಬಾರಿಸುವವರಿರಲಿಲ್ಲ. ಮುತ್ಯಾನ ನಂತರ ಕಲಿತಿದ್ದ ಒಬ್ಬನೇ ಒಬ್ಬ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದ. ಯಾರೋ ಹಿರಿಯರು ಅಂದರು: ‘ಮೊಮ್ಮಗ ಅದಾನಲ್ಲ, ಅವನ್ನ ಕೂಡ್ರಸ್ರಿ.’

ನಾನು ಪೇಟಿ ಮುಟ್ಟಿ ನಾಲ್ಕು ವರ್ಷವಾಗಿತ್ತು.

ಐದನೇ ತರಗತಿಯಲ್ಲಿದ್ದಾಗ ಕಲಿಯಲು ಕುಳಿತವನು ನಾನು. ಮೊದಲ ಕೆಲವು ತಿಂಗಳು ಮುತ್ಯಾ ಸ್ವರ ಮುಟ್ಟಲು ಬಿಡಲೇ ಇಲ್ಲ. ಬರೀ ತಿದಿ ಒತ್ತುವ ಕೆಲಸ. ಗಾಳಿ ಒಂದೇ ಸಮ ಹೋದರೆ ಮಾತ್ರ ಒಳಗಿನ ಹಿತ್ತಾಳೆಯ ನಾಲಿಗೆಗಳು ನಡುಗದೆ ನುಡಿಯುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ನಂತರ ಸರಿಗಮ, ಭೂಪಾಲಿ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು. ಪಿಯುಸಿ ಹೊತ್ತಿಗೆ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಅವನ ಪಕ್ಕ ಕುಳಿತು ಬಾರಿಸುವಷ್ಟಾಗಿದ್ದೆ.

ಪದವಿ ಮುಗಿಯಿತು, ಸ್ಪರ್ಧಾತ್ಮಕ ಪರೀಕ್ಷೆಯ ಹಾದಿ ಹಿಡಿದೆ. ಮೊದಲ ಪ್ರಯತ್ನದಲ್ಲೇ 371ಜೆ ಪಟ್ಟಿಯಲ್ಲಿ ಎರಡು ಅಂಕದಿಂದ ಹೆಸರು ತಪ್ಪಿತು. ಊರಿಗೆ ಹೋದಾಗ ಮುತ್ಯಾ ಪೇಟಿ ತೆಗೆದು ‘ಬಾ, ಒಂದ್ ಪದಾ ನುಡಿಸೋಣು’ ಅಂದ. ‘ಪೇಟಿ ಬಾರಿಸಿದ್ರ ಅಂಕ ಬರ್ತಾವೇನು?’ ಎಂದುಬಿಟ್ಟೆ. ಅವನು ಏನೂ ಅನ್ನಲಿಲ್ಲ. ಹಳೆಯ ಧೋತರದಲ್ಲಿ ಪೇಟಿ ಸುತ್ತಿ ಅಟ್ಟಕ್ಕಿಟ್ಟ. ಮತ್ತೆಂದೂ ನನ್ನನ್ನು ಕರೆಯಲಿಲ್ಲ.

ಆ ರಾತ್ರಿ ಅದೇ ಧೋತರ ಬಿಚ್ಚಿದೆವು. ಒಂದು ಸ್ವರ ನುಡಿಯುತ್ತಲೇ ಇರಲಿಲ್ಲ. ಹಾಡುವವರು ಕಪ್ಪು ನಾಲ್ಕರಲ್ಲಿ ಎತ್ತಿದರು. ನಾನು ತಲೆಯಲ್ಲಿ ಸ್ವರ ಹುಡುಕುತ್ತಿದ್ದೆ, ಸಿಗಲಿಲ್ಲ. ಎರಡು ಪದ ಪೂರಾ ತಪ್ಪಿದೆ. ಮೂರನೆಯದಕ್ಕೆ ಹುಡುಕುವುದು ಬಿಟ್ಟು ಹಾಡಿಗೆ ಕಿವಿ ಕೊಟ್ಟೆ. ಬೆರಳು ತಾವೇ ಹೋದವು! ಹತ್ತು ವರ್ಷ ಬಿಟ್ಟರೂ ಸೈಕಲ್ ಹೊಡೆಯುವುದು ಮರೆಯುವುದಿಲ್ಲ ಅನ್ನುತ್ತಾರಲ್ಲ, ಇದೂ ಹಾಗೆಯೇ. ಎಡಗೈ ತಿದಿ, ಬಲಗೈ ಸ್ವರ, ಕಿವಿ ಇನ್ನೊಬ್ಬರ ದನಿ, ಕಣ್ಣು ತಬಲಾದವನ ಕೈ. ಇಷ್ಟನ್ನೂ ಒಟ್ಟಿಗೆ ವರ್ಷಗಟ್ಟಲೆ ತಿದ್ದಿದ ಮೈ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ನಾನು ಬಾಯಿಪಾಠ ಮಾಡಿದ ತಿದ್ದುಪಡಿಗಳು ಮಾತ್ರ ಹದಿನೈದು ದಿನಕ್ಕೆ ಹಾರಿಹೋಗುತ್ತವೆ. ಬೆಳಗಿನ ಜಾವ ಭೈರವಿಯಲ್ಲಿ ಕೊನೆಯ ಪದ ಮುಗಿಯುವವರೆಗೆ ನಾನು ಎದ್ದಿರಲಿಲ್ಲ. ಅತ್ತಿದ್ದೂ ಆಮೇಲೆಯೇ.

ಅದಾದ ಮೇಲೆ ಈ ವಾದ್ಯದ ಬಗ್ಗೆ ಓದತೊಡಗಿದೆ. ಹಾರ್ಮೋನಿಯಂ ಫ್ರಾನ್ಸ್‌ನಿಂದ ಬಂದದ್ದು. ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಒತ್ತುವ ರೂಪ ಕೊಟ್ಟದ್ದು ಕಲ್ಕತ್ತ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇದಕ್ಕೆ ಬರುವುದಿಲ್ಲ, ಸೂಕ್ಷ್ಮ ಶ್ರುತಿ ಇಲ್ಲ ಎಂದು ಆಕಾಶವಾಣಿ 1940ರಲ್ಲಿ ಇದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಮೂವತ್ತೊಂದು ವರ್ಷ! ನಮ್ಮ ಒಂದು ನೇಮಕಾತಿ ಮುಂದೂಡಿದರೆ ನಾವು ಎಷ್ಟು ಒದ್ದಾಡುತ್ತೇವೆ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆ ಹುಟ್ಟಿದ್ದು 1917ರಲ್ಲಿ. ಅಂದರೆ ಅವರ ಪ್ರಾಯದ ದಿನಗಳೆಲ್ಲ ಆ ನಿಷೇಧದ ಕಾಲದಲ್ಲೇ ಕಳೆದವು. ಆದರೂ ಅವರು ಪೇಟಿ ಬಿಡಲಿಲ್ಲ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರಂಥವರಿಗೆ ಸಾಥ್ ಕೊಟ್ಟರು, ಮಕ್ಕಳಿಗೆ ಕಲಿಸಿದರು. 2010ರಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ.

ಅದೇ ವರ್ಷ ಗದುಗಿನ ಪುಟ್ಟರಾಜ ಗವಾಯಿಗಳೂ 96ನೇ ವಯಸ್ಸಿನಲ್ಲಿ ಹೋದರು. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು, ಹಾರ್ಮೋನಿಯಂ, ತಬಲಾ, ಪಿಟೀಲು ಹೀಗೆ ಹಲವು ವಾದ್ಯ ಬಲ್ಲವರು. ಗುರು ಪಂಚಾಕ್ಷರ ಗವಾಯಿಗಳಂತೆ ಅವರೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ನಮ್ಮ ಭಾಗದ ಮಠಗಳ ಪುರಾಣ, ಪ್ರವಚನದ ವೇದಿಕೆಯಲ್ಲಿ ಪೇಟಿ ಹಿಡಿದವರನ್ನು ಎಲ್ಲಿ ಕಲಿತಿರಿ ಎಂದು ಕೇಳಿ ನೋಡಿ. ಬಹಳ ಸಲ ಗದಗ ಎಂಬ ಉತ್ತರ ಬರುತ್ತದೆ. ವಾದ್ಯ ಅವರಿಗೆ ಹವ್ಯಾಸವಲ್ಲ, ಹೊಟ್ಟೆಪಾಡು.

ನನಗೆ ಅದು ಹೊಟ್ಟೆಪಾಡಾಗಲಿಕ್ಕಿಲ್ಲ, ಅಷ್ಟು ಕಲಿತೂ ಇಲ್ಲ. ಆದರೆ ಒಂದಂತೂ ಬದಲಾಗಿದೆ. ಮೊದಲು ಊರಿಗೆ ಹೋದರೆ ‘ಎಲ್ಲಿಗ್ ಬಂತಪಾ ನೌಕರಿ?’ ಎಂದು ಕೇಳುತ್ತಾರೆಂದು ಕತ್ತಲಾದ ಮೇಲೆ ಬಸ್ ಇಳಿಯುತ್ತಿದ್ದೆ. ಈಗ ‘ಸೋಮವಾರ ಇರ್ತೀಯಲ್ಲ?’ ಎಂದು ಕೇಳುತ್ತಾರೆ. ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ಕೆಲಸ ಹುಡುಕುತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಮನೆಯಲ್ಲೋ ಊರ ಮಠದಲ್ಲೋ ಒಂದು ಪೇಟಿ, ಒಂದು ದಮ್ಮಡಿ ಧೂಳು ತಿನ್ನುತ್ತಿದ್ದರೆ ಕೆಳಗಿಳಿಸಿ. ಹೊಸದು ಕೊಳ್ಳುವ ಅವಸರ ಬೇಡ. ಬಾರಿಸುವ ಹಿರಿಯರು ಇನ್ನೂ ಇದ್ದರೆ ಅವರ ಪಕ್ಕ ಕುಳಿತುಕೊಳ್ಳಿ. ಹಾರ್ಮೋನಿಯಂ ಹೊಸಬರಿಗೆ ಕನಿಕರ ತೋರುವ ವಾದ್ಯ. ಸ್ವರ ಮೊದಲೇ ಕೂಡಿಸಿಟ್ಟಿರುತ್ತದೆ, ಒತ್ತಿದರೆ ಸಾಕು. ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ನಡೆಯುತ್ತದೆ. ನಾವು ಮೊಬೈಲ್‌ನಲ್ಲಿ ಅದಕ್ಕಿಂತ ಹೆಚ್ಚು ಕಳೆಯುತ್ತೇವೆ, ನಾನೂ ಕೂಡ.

ಪೇಟಿ ಈಗ ನನ್ನ ರೂಮಿನಲ್ಲಿದೆ. ನುಡಿಯದ ಆ ಸ್ವರವನ್ನು ರಿಪೇರಿ ಮಾಡಿಸಿದ್ದೇನೆ. ರಾತ್ರಿ ಎಂಟೂವರೆಯಿಂದ ಒಂಬತ್ತರವರೆಗೆ ಬಾರಿಸುತ್ತೇನೆ, ಅದರಾಚೆ ಪಕ್ಕದ ರೂಮಿನವರು ಗೋಡೆ ಬಡಿಯುತ್ತಾರೆ. ಮುಂದಿನ ಪರೀಕ್ಷೆ ಭಾನುವಾರ, ಯಾದಗಿರಿಯಲ್ಲೇ. ಮುಗಿದ ಕೂಡಲೇ ಶಹಾಪುರದ ಬಸ್ ಹಿಡಿಯಬೇಕು. ಮರುದಿನ ಸೋಮವಾರ.