ದಾದಿಯರು ವೃತ್ತಿಯನ್ನು ತೊರೆಯುವುದೇಕೆ?

ರೋಗಿಯ ಮಗ್ಗುಲಲ್ಲಿ ಹಗಲಿರುಳು ನಿಂತು ಶುಶ್ರೂಷೆ ಮಾಡುವ ದಾದಿಯರನ್ನು ಹೊಗಳುವುದರಲ್ಲಿ ನಮ್ಮ ಜನರು ಹಿಂದೆಗೆದವರಲ್ಲ. 2020ನೆಯ ಇಸವಿ ಮಾರ್ಚಿ 22ನೆಯ ತಾರೀಖಿನ ಸಂಜೆ ದೇಶಕ್ಕೆ ದೇಶವೇ ಬಾಗಿಲಲ್ಲಿ ನಿಂತು ತಟ್ಟೆ ಜಾಗಟೆಗಳನ್ನು ಬಾರಿಸಿ ಕೃತಜ್ಞತೆಯನ್ನು ತೋರಿಸಿದುದು ವಾಚಕರ ನೆನಪಿನಲ್ಲಿರಬಹುದು. ಆ ನಾದವು ಅಡಗಿದ ಮೇಲೆ, ಆಸ್ಪತ್ರೆಯ ಗೋಡೆಗಳೊಳಗೆ ಅವರನ್ನು ನಡೆಯಿಸಿಕೊಳ್ಳುವ ರೀತಿ ಎಂತಹುದೆಂದು ವಿಚಾರಿಸಿದವರು ಮಾತ್ರ ವಿರಳ.

ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2023ರಲ್ಲಿ ಜಗತ್ತಿನಲ್ಲಿ 2 ಕೋಟಿ 98 ಲಕ್ಷ ದಾದಿಯರಿದ್ದರು. ಇನ್ನೂ 58 ಲಕ್ಷ ಮಂದಿಯ ಕೊರತೆಯಿದ್ದಿತು. ಇದಕ್ಕೆ ಹೆಚ್ಚು ಕಾಲೇಜುಗಳನ್ನು ತೆರೆಯುವುದೇ ಪರಿಹಾರವೆಂದು ಹಲವರು ಹೇಳುವರು. ಆದರೆ ತೂತುಬಿದ್ದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಕಲಿತು ಬಂದವರು ಕೆಲವೇ ವರುಷಗಳಲ್ಲಿ ಬೇಸತ್ತು ಹೊರಟುಹೋಗುವುದಾದರೆ, ಆ ತೂತನ್ನು ಮೊದಲು ನೋಡಬೇಕಾದುದು ನ್ಯಾಯವಾಗಿದೆ.

ದಾದಿಯ ಕೆಲಸವು ಕಷ್ಟವಾದುದೆಂಬುದು ಆ ವೃತ್ತಿಗೆ ಬರುವವರಿಗೆ ತಿಳಿಯದ ಸಂಗತಿಯಲ್ಲ. ರಾತ್ರಿಯ ಜಾಗರಣೆ, ರಕ್ತ, ಮರಣ, ಇವೆಲ್ಲವನ್ನೂ ಬಲ್ಲವಳಾಗಿಯೇ ಅವಳು ಬರುತ್ತಾಳೆ. ಅವಳು ನಿರೀಕ್ಷಿಸದಿರುವುದು ತನ್ನವರಿಂದಲೇ ಒದಗುವ ಕಿರುಕುಳವನ್ನು. ಈ ಕಿರುಕುಳವು ಬಹುಮಟ್ಟಿಗೆ ಕಣ್ಣಿಗೆ ಕಾಣದು. ಮೇಲ್ವಿಚಾರಕಿಗೆ ಬೇಡವಾದವಳಿಗೆ ಒಂದರ ಮೇಲೊಂದು ರಾತ್ರಿಪಾಳಿ ಬೀಳುವುದು. ಕೊಟ್ಟ ರಜೆ ಹಿಂದಿನ ದಿನ ರದ್ದಾಗುವುದು. ಪಾಳಿ ಬದಲಾಗುವಾಗ ಹೇಳಬೇಕಾದ ಸಂಗತಿಯನ್ನು ಬಚ್ಚಿಟ್ಟು, ಮರುದಿನ ರೋಗಿಗಳ ಮುಂದೆಯೇ ಅವಳನ್ನು ಗದರಿಸುವುದು. ಒಬ್ಬಳಿಗೆ ಅನುಕೂಲದ ಆಸೆ ತೋರಿಸಿ ಉಳಿದವರ ಮಾತನ್ನು ತರಿಸಿಕೊಳ್ಳುವುದು. ಅಮೆರಿಕೆಯಲ್ಲಿ ಜೂಡಿತ್ ಮೈಸ್ನರ್ ಎಂಬಾಕೆಯು 1986ರಲ್ಲಿಯೇ, ದಾದಿಯರಾದ ನಾವು ನಮ್ಮ ಎಳೆಯರನ್ನೇ ತಿನ್ನುತ್ತಿರುವೆವೇ ಎಂಬ ಪ್ರಶ್ನೆಯನ್ನೆತ್ತಿ ಲೇಖನ ಬರೆದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲವೆಂಬ ನಮ್ಮ ಗಾದೆಯ ಅರ್ಥವೂ ಇದೇ ಅಲ್ಲವೇ? ನಿನ್ನೆ ಸಹಿಸಿದವಳು ಇಂದು ಸಹಿಸುವಂತೆ ಮಾಡುತ್ತಾಳೆ.

ಆದರೆ ಇದೆಲ್ಲವೂ ಕೆಲವರ ದುಃಸ್ವಭಾವದ ಫಲವೆಂದು ತಿಳಿದು ಸುಮ್ಮನಾಗುವುದು ಸರಿಯಲ್ಲ. ಬಿಟ್ಟುಹೋಗಲಾರದವರನ್ನೇ ಪೀಡಿಸುವುದು ಸುಲಭ. 2011-12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು ಮುಷ್ಕರ ಹೂಡಿದಾಗ, ವೇತನದೊಡನೆ ಅವರು ಎತ್ತಿದ ಮುಖ್ಯವಾದ ದೂರು ಕರಾರುಪತ್ರದ್ದು. ಇಂತಿಷ್ಟು ಕಾಲ ದುಡಿಯುವೆನೆಂದು ಬರೆಯಿಸಿಕೊಂಡು, ಮೂಲ ಪ್ರಮಾಣಪತ್ರಗಳನ್ನು ಆಡಳಿತದವರು ತಮ್ಮಲ್ಲಿಯೇ ಇರಿಸಿಕೊಳ್ಳುತ್ತಿದ್ದರು. ಓದಿನ ಸಾಲ ತಲೆಯ ಮೇಲೆ, ಪ್ರಮಾಣಪತ್ರ ಮತ್ತೊಬ್ಬರ ಬೀರುವಿನಲ್ಲಿ; ಇಂತಹವಳು ಯಾರಿಗೆ ದೂರು ಹೇಳಿಯಾಳು? 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಈ ವರ್ಗದವರ ಸ್ಥಿತಿಯನ್ನು ವಿಚಾರಿಸಲು ಸಮಿತಿಯನ್ನು ನೇಮಿಸುವಂತೆ ಕೇಂದ್ರ ಸರಕಾರಕ್ಕೆ ಆಜ್ಞಾಪಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಗಳಲ್ಲಿ ಸರಕಾರಿ ದಾದಿಯರಿಗೆ ಸಮನಾದ ಸಂಬಳವಿರಬೇಕು, 50ಕ್ಕಿಂತ ಕಡಮೆಯಿರುವೆಡೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಇಳಿಯಬಾರದು ಎಂದು ಆ ಸಮಿತಿಯು ಸಲಹೆ ಮಾಡಿತು. ಸಂಬಳ ಅಲ್ಪವಾಗಿ, ಕೈಗಳು ಸಾಲದಿರುವೆಡೆಯಲ್ಲಿ ಮೇಲಿನ ಒತ್ತಡವೆಲ್ಲ ಕೊನೆಗೆ ಕಿರಿಯವಳ ಮೇಲೆಯೇ ಬೀಳುವುದು. ಅವಳು ಬಿಡುಗಡೆ ಪಡೆದ ದಿನ ಆ ಒಂದು ಆಸ್ಪತ್ರೆಯನ್ನಷ್ಟೇ ಬಿಡುವಳೆಂದು ನಂಬುವಂತಿಲ್ಲ. ವೃತ್ತಿಯನ್ನೋ ದೇಶವನ್ನೋ ಬಿಡುವಳು.

ಇದರ ನಷ್ಟವು ಅವಳೊಬ್ಬಳದೇ ಆಗಿದ್ದರೂ ಅನ್ಯಾಯವೇ ಸರಿ. ಆದರೆ ರೋಗಿಯೂ ಅದಕ್ಕೆ ಬೆಲೆ ತೆರುತ್ತಾನೆ. ಔಷಧದ ಪ್ರಮಾಣದಲ್ಲಿ ಸಂದೇಹ ಬಂದು ಒಮ್ಮೆ ಕೇಳಿ ಅವಮಾನಪಟ್ಟವಳು ಎರಡನೆಯ ಸಲ ಕೇಳುವುದಿಲ್ಲ. ಬೆದರಿಕೆಯ ನಡತೆಯು ಚಿಕಿತ್ಸೆಯಲ್ಲಿ ತಪ್ಪುಗಳಿಗೆ ಎಡೆಗೊಡುವುದೆಂದು ಅಮೆರಿಕೆಯ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು 2008ರಲ್ಲಿಯೇ ಎಚ್ಚರಿಸಿತು.

ಶಿಸ್ತಿಲ್ಲದೆ ಆಸ್ಪತ್ರೆ ನಡೆಯಲಾರದೆಂದು ಕೆಲವರು ಆಕ್ಷೇಪಿಸಬಹುದು. ಶಿಸ್ತು ಬೇಕೆಂಬುದನ್ನು ನಾವೂ ಒಪ್ಪುವೆವು. ತಪ್ಪನ್ನು ಏಕಾಂತದಲ್ಲಿ ತೋರಿಸಿ, ತಿದ್ದುವ ದಾರಿಯನ್ನು ಹೇಳುವುದು ಶಿಸ್ತು. ಹತ್ತು ಜನರೆದುರು ಮಾನ ಕಳೆಯುವುದು ದಬ್ಬಾಳಿಕೆ. ಇವೆರಡರ ಭೇದವನ್ನು ಅರಿಯದವರ ಕೈಗೆ ಅಧಿಕಾರವನ್ನು ಕೊಡಲಾಗದು.

ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ಪಾಳಿಯ ಪಟ್ಟಿಯು ಒಬ್ಬರ ಇಚ್ಛೆಗೆ ಸಿಕ್ಕದೆ, ಎಲ್ಲರೂ ಕಾಣುವಂತೆ ಸರದಿಯ ಮೇಲೆ ನಡೆಯಲಿ. ಪ್ರಮಾಣಪತ್ರಗಳನ್ನು ಪರಿಶೀಲಿಸಿದ ದಿನವೇ ಹಿಂದಿರುಗಿಸಲಿ. ದೂರನ್ನು ಆ ವಾರ್ಡಿಗೆ ಸೇರದವರು ವಿಚಾರಿಸಲಿ. 2013ರ ಕಾನೂನು ಲೈಂಗಿಕ ಕಿರುಕುಳಕ್ಕೆ ಮಾತ್ರ ಸಂಬಂಧಿಸಿದುದು. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅಂಗೀಕರಿಸಿದ 190ನೆಯ ಒಡಂಬಡಿಕೆಯಾದರೋ ಕೆಲಸದ ಸ್ಥಳದ ಎಲ್ಲ ಬಗೆಯ ಹಿಂಸೆ ಕಿರುಕುಳಗಳನ್ನೂ ಒಳಗೊಂಡಿದೆ. ನಮ್ಮ ಶಾಸನಕರ್ತರು ಆ ಕಡೆಗೆ ಗಮನವನ್ನು ಹರಿಸಬೇಕು.

ಸೇವೆಯೆಂಬ ಪವಿತ್ರವಾದ ಮಾತನ್ನು ಬಾಯಿ ಮುಚ್ಚಿಸುವ ಸಾಧನವನ್ನಾಗಿ ಬಳಸುವುದು ಇನ್ನಾದರೂ ನಿಲ್ಲಬೇಕು. ದಾದಿಯರಿಗೆ ಜಾಗಟೆಯ ನಾದಕ್ಕಿಂತ ನ್ಯಾಯವು ಹೆಚ್ಚು ಅಗತ್ಯವೆಂಬುದನ್ನು ಆಸ್ಪತ್ರೆಗಳ ಆಡಳಿತಗಾರರೂ ಸರಕಾರವೂ ಮನಗಾಣುವರೆಂದು ನಾವು ಆಶಿಸುತ್ತೇವೆ.