ಬೇಸ್‌ಮೆಂಟ್ ನಾವೇ ಮಾಡಿಕೊಂಡರೆ: ನಂಬಿಕೆ ಏನು, ನಿಜ ಏನು

ಷಿಕಾಗೋ ಸುತ್ತಮುತ್ತ ಮನೆಯ ಪಾಯ ನೆಲದಿಂದ 42 ಇಂಚು ಕೆಳಗಿರಬೇಕು. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿ ಉಬ್ಬಿದರೆ ಪಾಯ ಅಲುಗುತ್ತದೆ, ಅದಕ್ಕೇ ಅಷ್ಟು ಆಳ. ಹೇಗೂ ಅಷ್ಟು ಅಗೆದಾಯಿತು, ಇನ್ನೊಂದಿಷ್ಟು ಅಗೆದರೆ ಒಂದು ಮಹಡಿಯೇ ಸಿಗುತ್ತದೆ. ಅಮೆರಿಕದ ಚಳಿಪ್ರದೇಶದಲ್ಲಿ ಬೇಸ್‌ಮೆಂಟ್ ಬಳಕೆಗೆ ಬಂದದ್ದು ಈ ಲೆಕ್ಕದಲ್ಲಿ. ಅನೇಕ ಬಿಲ್ಡರುಗಳು ಅದನ್ನು ಬರೀ ಕಾಂಕ್ರೀಟಾಗಿ ಬಿಟ್ಟುಹೋಗುತ್ತಾರೆ. ಒಂದು ಮೂಲೆಯಲ್ಲಿ ಫರ್ನೇಸ್, ಬಿಸಿನೀರಿನ ಟ್ಯಾಂಕು, ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪು. ಉಳಿದದ್ದು ನಮ್ಮ ಪಾಲಿಗೆ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲೂ ‘ಈ ವರ್ಷ ಬೇಸ್‌ಮೆಂಟ್ ಮುಗಿಸಿಬಿಡೋಣ, ಕೆಲಸ ನಾವೇ ಮಾಡೋಣ’ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಮಾಡಬಹುದು. ಆದರೆ ಶನಿವಾರ, ಭಾನುವಾರ ಮಾತ್ರ ಬಿಡುವಿರುವವರಿಗೆ ಕಟ್ಟುವ ಕೆಲಸಕ್ಕಿಂತ ದುಬಾರಿ ಬೀಳುವುದು ಕಟ್ಟಿದ್ದನ್ನು ಕಿತ್ತು ಮತ್ತೆ ಕಟ್ಟುವುದು. ಕೀಳುವ ಪ್ರಸಂಗ ತರುವ ಕೆಲವು ನಂಬಿಕೆಗಳು ಇಲ್ಲಿವೆ.

‘ನೀರು ಯಾವತ್ತೂ ನುಗ್ಗಿಲ್ಲ, ಹಾಗಾಗಿ ನಮ್ಮದು ಒಣ ಬೇಸ್‌ಮೆಂಟ್.’

ನೀರು ನುಗ್ಗದಿರುವುದೇ ಬೇರೆ, ತೇವ ಇಲ್ಲದಿರುವುದೇ ಬೇರೆ. ಕಾಂಕ್ರೀಟು ಸುತ್ತಲಿನ ಮಣ್ಣಿನ ತೇವವನ್ನು ವರ್ಷವಿಡೀ ಹೀರುತ್ತಿರುತ್ತದೆ. ಅದು ಆವಿಯಾಗಿ ಒಳಗೆ ಬರುವುದು ಕಣ್ಣಿಗೆ ಕಾಣುವುದಿಲ್ಲ. ನೋಡಬೇಕೆಂದರೆ ಹದಿನೆಂಟು ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ತಳದಲ್ಲಿ ಹನಿ ಕಟ್ಟಿದ್ದರೆ ತೇವ ನೆಲದಿಂದ ಬರುತ್ತಿದೆ. ಮೇಲೆ ಕಟ್ಟಿದ್ದರೆ ಅದು ಕೋಣೆಯ ಗಾಳಿಯದು. ಮಳೆ ಜೋರಾಗಿ ಸುರಿದ ವಾರದಲ್ಲಿ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಇದರ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತದೆ: ಕಾಂಕ್ರೀಟಿಗೆ ಮರದ ಚೌಕಟ್ಟು ಆನಿಸಿ, ನಡುವೆ ಫೈಬರ್‌ಗ್ಲಾಸ್ ತುರುಕಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿದರೆ ಗೋಡೆ ಬೆಚ್ಚಗಿರುತ್ತದೆ ಎಂಬುದು. ಫೈಬರ್‌ಗ್ಲಾಸ್ ಗಾಳಿಯನ್ನು ತಡೆಯುವುದಿಲ್ಲ. ಕೋಣೆಯ ಬೆಚ್ಚನೆಯ ಗಾಳಿ ಅದರೊಳಗೆ ನುಸುಳಿ ತಣ್ಣನೆಯ ಕಾಂಕ್ರೀಟು ಮುಟ್ಟಿದೊಡನೆ ನೀರಾಗುತ್ತದೆ. ಪ್ಲಾಸ್ಟಿಕ್ಕು ಆ ನೀರು ಆರಲು ಬಿಡುವುದಿಲ್ಲ. ಮರವೂ ಡ್ರೈವಾಲ್ ಎಂಬ ಜಿಪ್ಸಂ ಹಲಗೆಯ ಕಾಗದವೂ ಬೂಷ್ಟಿಗೆ ಬಹಳ ಇಷ್ಟ. ಕಟ್ಟಡ ವಿಜ್ಞಾನದ ಜೋಸೆಫ್ ಲ್ಸ್ಟಿಬುರೆಕ್ ಅಂಥವರು ಇದರ ವಿರುದ್ಧ ಎಷ್ಟೋ ವರ್ಷಗಳಿಂದ ಬರೆಯುತ್ತಲೇ ಇದ್ದಾರೆ. ಗಟ್ಟಿ ಫೋಮ್ ಹಲಗೆಯನ್ನು ನೇರ ಕಾಂಕ್ರೀಟಿಗೇ ಅಂಟಿಸಿ, ಸಂದುಗಳಿಗೆ ಟೇಪು ಹಚ್ಚಿ, ಅದರ ಮುಂದೆ ಚೌಕಟ್ಟು ನಿಲ್ಲಿಸುವುದು ಸರಿಯಾದ ಕ್ರಮ. ನೆಲಕ್ಕೆ ತಾಗುವ ಮರ ಸಂಸ್ಕರಿಸಿದ್ದಾಗಿರಲಿ. ಡ್ರೈವಾಲು ನೆಲದಿಂದ ಅರ್ಧ ಇಂಚು ಮೇಲಿರಲಿ. ದುಡ್ಡನ್ನು ಬೇರೆ ಎಲ್ಲಿ ಬೇಕಾದರೂ ಉಳಿಸಿ, ಫೋಮಿನಲ್ಲಿ ಮಾತ್ರ ಬೇಡ.

ಗೋಡೆ ಏಳುವ ಮುಂಚೆ ಮಣ್ಣಿನಿಂದ ನುಸುಳುವ ವಿಕಿರಣಶೀಲ ರೇಡಾನ್ ಅನಿಲದ ಪರೀಕ್ಷೆಯೂ ಆಗಲಿ. ಲೀಟರಿಗೆ 4 ಪಿಕೊಕ್ಯೂರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರಿಪಡಿಸಬೇಕೆನ್ನುತ್ತದೆ ಅಲ್ಲಿನ ಪರಿಸರ ಸಂಸ್ಥೆ. ನೆಲ ಕೊರೆದು ಕೊಳವೆ ಇಳಿಸುವ ಆ ಕೆಲಸ ಕಾರ್ಪೆಟ್ ಹಾಸಿದ ಮೇಲೆ ತಲೆನೋವು.

‘ನಮ್ಮ ಮನೆ, ನಾವೇ ಮಾಡೋದು, ಪರ್ಮಿಟ್ ಯಾಕೆ?’

ಬಹಳಷ್ಟು ಊರುಗಳಲ್ಲಿ ಮಾಲೀಕ ತಾನು ವಾಸಿಸುವ ಮನೆಗೆ ತಾನೇ ಪರ್ಮಿಟ್ ಪಡೆಯಬಹುದು. ಇನ್‌ಸ್ಪೆಕ್ಟರ್ ವೈರಿಂಗ್, ಪ್ಲಂಬಿಂಗ್ ನೋಡುವುದು ಡ್ರೈವಾಲ್ ಮುಚ್ಚುವ ಮೊದಲು, ಅದೂ ವಾರದ ದಿನ, ಕಚೇರಿ ಹೊತ್ತಿನಲ್ಲಿ. ಹಾಗಾಗಿ ರಜೆ ಒಂದೆರಡು ತೆಗೆದಿಡಬೇಕು. ಬಹುತೇಕ ರಾಜ್ಯಗಳು ಆಧರಿಸುವ ಮಾದರಿ ಸಂಹಿತೆಯಲ್ಲಿ ಇನ್ನೊಂದು ಮಾತಿದೆ: ಕೆಲಸ 180 ದಿನ ನಿಂತರೆ ಪರ್ಮಿಟ್ ರದ್ದು. ಬೇಸಿಗೆ ರಜೆಗೆ ಊರಿಗೆ ಬಂದು, ಹಬ್ಬ ಹರಿದಿನ ಮುಗಿಸಿ, ಆಮೇಲೆ ನೋಡೋಣ ಅನ್ನುವವರು ಮುಂಚೆಯೇ ಲಿಖಿತವಾಗಿ ಗಡುವು ವಿಸ್ತರಣೆ ಕೇಳಿಕೊಳ್ಳಬೇಕು.

‘ಅಪ್ಪ ಅಮ್ಮ ಬಂದಾಗ ಮಲಗೋಕೆ ಒಂದು ರೂಮು, ಅಷ್ಟೆ. ಕಿಟಕಿ ಬೇಡ.’

ಬೆಂಕಿ ಬಿದ್ದು ಮೆಟ್ಟಿಲ ದಾರಿ ಹೊಗೆಯಲ್ಲಿ ಮುಚ್ಚಿದರೆ ಅವರು ಹೊರಬರುವುದು ಹೇಗೆ? ಮಲಗುವ ಕೋಣೆಗೆ ಪಾರಾಗುವ ಕಿಟಕಿ ಕಡ್ಡಾಯ. ಅಗಲ ಕನಿಷ್ಠ 20 ಇಂಚು, ಎತ್ತರ ಕನಿಷ್ಠ 24 ಇಂಚು ಎಂದು ಓದಿ ಅದೇ ಅಳತೆಯ ಕಿಟಕಿ ತಂದವರು ಎಡವುತ್ತಾರೆ, ಏಕೆಂದರೆ ಎರಡನ್ನೂ ಗುಣಿಸಿದರೆ 3.3 ಚದರಡಿ ಮಾತ್ರ. ನೆಲಮಟ್ಟದ ಕೆಳಗಿನ ಕಿಟಕಿ ತೆರೆದಾಗ ಕನಿಷ್ಠ 5 ಚದರಡಿ ಜಾಗ ಇರಬೇಕು, ಅದರ ಕೆಳ ಅಂಚು ಕೋಣೆಯ ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ವಯಸ್ಸಾದವರಿಗೆ ಆ 44 ಇಂಚೂ ಕಷ್ಟವೇ. ಕಿಟಕಿಗಾಗಿ ಕಾಂಕ್ರೀಟ್ ಕತ್ತರಿಸುವ ಕೆಲಸವನ್ನು ಮಾತ್ರ ಬಲ್ಲವರಿಗೆ ಕೊಡಿ.

‘ವಾರದ ಸಂಜೆಗಳಲ್ಲಿ ಏನೂ ಆಗದು.’

ಡ್ರೈವಾಲಿನ ಸಂದುಗಳಿಗೆ ಮಡ್ ಎಂಬ ಲೇಪ ಹಚ್ಚುವುದಕ್ಕೆ ಸಂಜೆಯೇ ಸರಿ. ಮೂರು ಪದರ ಬೇಕು, ಒಂದೊಂದೂ ಒಣಗಲು ಸುಮಾರು ಒಂದು ದಿನ. ಶನಿವಾರ ಬೆಳಿಗ್ಗೆ ಹಚ್ಚಿದರೆ ಉಳಿದ ಹೊತ್ತು ಅದನ್ನು ನೋಡುತ್ತ ಕೂರಬೇಕಷ್ಟೆ. ಊಟ ಮುಗಿಸಿ ಒಂದು ತಾಸು ತೆಳುವಾಗಿ ಎಳೆದು ಬಂದರೆ, ನೀವು ಆಫೀಸಿನಲ್ಲಿರುವಾಗ ಅದು ಒಣಗುತ್ತದೆ. ದಪ್ಪಗೆ ಬಳಿದಷ್ಟೂ ಉಜ್ಜುವ ಕೆಲಸ, ಮನೆತುಂಬ ಧೂಳು. ಚಾವಣಿಗೆ ಹಲಗೆ ಏರಿಸುವುದಕ್ಕೆ ಮಾತ್ರ ವಾರಾಂತ್ಯ, ಬಾಡಿಗೆಯ ಲಿಫ್ಟು, ಜೊತೆಗೊಬ್ಬ ಗೆಳೆಯ ಬೇಕು.

‘ಮುಗಿಸಿದ ಅಷ್ಟೂ ಚದರಡಿ ಮನೆಯ ಅಳತೆಗೆ ಸೇರುತ್ತದೆ.’

ಸೇರುವುದಿಲ್ಲ. ಗೃಹಸಾಲದ ದೊಡ್ಡ ಸಂಸ್ಥೆ ಫ್ಯಾನಿ ಮೇ 2022ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದ ಅಳತೆಯ ಕ್ರಮದಲ್ಲಿ ನೆಲಮಟ್ಟದ ಕೆಳಗಿನ ಜಾಗ, ಎಷ್ಟೇ ಚೆನ್ನಾಗಿರಲಿ, ಬೇರೆ ಸಾಲಿನಲ್ಲೇ ಬರುತ್ತದೆ. ಬೆಲೆ ಕೊಂಚ ಏರಬಹುದು, ಮೇಲಿನ ಮಹಡಿಯ ದರದಲ್ಲಿ ಅಲ್ಲ.